ಗಾಡಿಯ ನೆತ್ತಿಗೆ ಎರಡು ಕೈ ಸುಣ್ಣ

ಬಿಳಿ ಗಾಡಿ ಕೊಂಡು, ದುಡ್ಡು ಕೊಟ್ಟು ಅದನ್ನು ಕಪ್ಪು ಮಾಡಿಸಿ, ಒಂದೇ ಬೇಸಿಗೆಗೆ ಬುದ್ಧಿ ಬಂದು ಮತ್ತೆ ದುಡ್ಡು ಕೊಟ್ಟು ಅದರ ತಲೆ ಬಿಳಿ ಮಾಡಿಸಿದವನು ನಾನು. ಯಾರಾದರೂ ಗಾಡಿ ನೋಡಲು ಬಂದರೆ ನನ್ನ ಹೆಂಡತಿ ಮೊದಲು ಈ ಕಥೆಯನ್ನೇ ಹೇಳುತ್ತಾಳೆ. ಒಂದೊಂದು ಸಲ ಒಂದೊಂದು ಮಸಾಲೆ ಸೇರುತ್ತದೆ. ಅದಕ್ಕೇ ನಾನೇ ಸರಿಯಾಗಿ ಬರೆದುಬಿಡೋಣ ಅಂತ ಕೂತಿದ್ದೇನೆ.

ಗಾಡಿ ಅಂದರೆ ಟಿಟಿ, ಟೆಂಪೊ ಟ್ರಾವೆಲರ್. 13 ಸೀಟಿನದು. ಧರ್ಮಸ್ಥಳ, ತಿರುಪತಿ, ಶಿರಡಿ ಅಂತ ಟೂರಿಸ್ಟ್ ಗಾಡಿಯಾಗಿ ಓಡಿ ಓಡಿ ಸುಸ್ತಾಗಿತ್ತು. ಅದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಗೊಂಡು ಸೀಟೆಲ್ಲ ಕೀಳಿಸಿ, ಮಲಗಲು ಎರಡು ಹಾಸಿಗೆ, ಒಂದು ಪುಟ್ಟ ಅಡುಗೆ ಕಟ್ಟೆ, ನೀರಿನ ಟ್ಯಾಂಕು, ಮೇಲ್ಗಡೆ ಬಿಸಿ ಗಾಳಿ ಎಳೆದು ಹಾಕುವ ಫ್ಯಾನು, ಬ್ಯಾಟರಿಯಲ್ಲಿ ಓಡುವ ಸಣ್ಣ ಏಸಿ ಎಲ್ಲ ಕೂರಿಸಿದೆವು. ಕಾಗದಪತ್ರದ ಓಡಾಟ ಬೇರೆಯೇ ಒಂದು ಪುರಾಣ, ಅದು ಇಲ್ಲಿ ಬೇಡ.

ಬಂದಾಗ ಅದರ ಬಣ್ಣ ಬಿಳಿ, ನಡುವೆ ನೀಲಿ ಪಟ್ಟಿ. ಟೂರಿಸ್ಟ್ ಪರ್ಮಿಟ್ ಗಾಡಿಗೆ ಬಿಳಿ ಬಣ್ಣ, ಅದರ ಮೇಲೆ 5 ಸೆಂಟಿಮೀಟರ್ ಅಗಲದ ನೀಲಿ ಪಟ್ಟಿ ಇರಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಇತ್ತು. ನನಗೆ ಆ ಬಿಳಿ ನೋಡಿದರೆ ಸಾಕು, ಮದುವೆ ದಿಬ್ಬಣ, ಹಿಂದಿನ ಸೀಟಿನಲ್ಲಿ ವಾಂತಿ ಕವರು, ಡ್ರೈವರ್ ಹಾಕಿದ ಹಳೆ ಹಾಡು ಎಲ್ಲ ನೆನಪಾಗುತ್ತಿತ್ತು. ನಮ್ಮ ಮನೆ ಹಾಗೆ ಕಾಣಬಾರದು ಅಲ್ವಾ? ಯುರೋಪಿನ ವ್ಯಾನುಗಳ ವೀಡಿಯೊ ನೋಡಿ ನೋಡಿ ತಲೆ ಕೆಟ್ಟಿತ್ತು. ಅಲ್ಲೆಲ್ಲ ಮಂಜು ಬೆಟ್ಟ, ಸರೋವರ, ದಂಡೆಯಲ್ಲಿ ಕಡು ಬೂದು ಬಣ್ಣದ ವ್ಯಾನು.

ಮೊದಲು ಕೇಳಿದ್ದು ಮಿಲಿಟರಿ ಹಸಿರು. ಪೇಂಟರ್ ನಕ್ಕುಬಿಟ್ಟ. "ಅದು ಮಿಲಿಟರಿಯವರಿಗೆ ಮಾತ್ರ ಸಾರ್, ನಾವು ಹೊಡೆದ್ರೆ ನೀವು ಫೈನ್ ಕಟ್ಟಬೇಕಾಗುತ್ತೆ." ಮನೆಗೆ ಬಂದು ನೋಡಿದರೆ ನಿಜ. ಆಲಿವ್ ಗ್ರೀನ್ ರಕ್ಷಣಾ ಇಲಾಖೆಯ ಗಾಡಿಗಳಿಗೆ ಮೀಸಲು, 1989ರ ನಿಯಮಗಳಲ್ಲಿ 121ನೇದು. ಸರಿ, ಹಾಗಾದರೆ ಹೊಳಪಿಲ್ಲದ ಕಡು ಬೂದು ಹೊಡೆಯಿರಿ ಅಂದೆ. ಅದಕ್ಕೂ ಅವನು ಒಂದು ಮಾತು ಹೇಳಿದ್ದ. "ಬಿಳಿನೇ ಇರ್ಲಿ ಬಿಡಿ ಸಾರ್, ಮೇಂಟೆನೆನ್ಸ್ ಕಮ್ಮಿ." ಅವನು ಹೇಳಿದ್ದು ಗೀರಿನ ಬಗ್ಗೆ, ಬಿಸಿಲಿನ ಬಗ್ಗೆ ಅಲ್ಲ. ನಾನು ಎರಡನ್ನೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ. ಹಳೆ ಬಣ್ಣ ತಿಕ್ಕಿ, ತಗ್ಗು ಮುಚ್ಚುವ ಪುಟ್ಟಿ ಹಾಕಿ, ಪ್ರೈಮರ್ ಹೊಡೆದು, ಮೇಲೆ ಎರಡು ಕೋಟು. ಆರ್‌ಟಿಒಗೆ ಹೋಗಿ ಆರ್‌ಸಿಯಲ್ಲಿ ಬಣ್ಣ ಬದಲಾಯಿಸಿದ್ದೂ ಆಯಿತು. ಗಾಡಿ ಈಗ ಮಳೆ ಬಿದ್ದ ಡಾಂಬರು ರಸ್ತೆ ಥರ ಕಾಣುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತರೆ ಬೈಕಿನ ಹುಡುಗರು ಹೆಬ್ಬೆರಳು ಎತ್ತಿ ತೋರಿಸುತ್ತಿದ್ದರು. ಆ ಹೆಬ್ಬೆರಳಿಗೆ ನಾನು ಎಷ್ಟು ದುಡ್ಡು ಕೊಟ್ಟಿದ್ದೆ ಅಂತ ಇಲ್ಲಿ ಬರೆಯಲ್ಲ.

ಡಿಸೆಂಬರಿನಲ್ಲಿ ಸಕಲೇಶಪುರ, ಜನವರಿಯಲ್ಲಿ ಕೊಡಗು. ಏನೂ ತೊಂದರೆಯಿಲ್ಲ. ಬೆಳಗ್ಗೆ ಬೇಗ ಬಿಸಿಯಾಗುತ್ತಿತ್ತು, ಅದೇ ಹಿತ ಅನ್ನಿಸುತ್ತಿತ್ತು.

ಮೇ ಮೊದಲ ವಾರ ಊರಿಗೆ ಹೊರಟೆವು. ಊರು ಬಾಗಲಕೋಟೆ ಜಿಲ್ಲೆ, ಹುನಗುಂದದ ಹತ್ತಿರ. ಬೆಂಗಳೂರಿನಿಂದ 400 ಕಿಲೋಮೀಟರ್ ಮೇಲೆ. ಚಿತ್ರದುರ್ಗ ದಾಟಿದ ಮೇಲೆ ಗಾಳಿಯ ವಾಸನೆಯೇ ಬದಲಾಯಿತು. ಹೊಸಪೇಟೆ ಬರುವ ಹೊತ್ತಿಗೆ ಏಸಿ ಅಳತೊಡಗಿತ್ತು. ಕುಷ್ಟಗಿಯಲ್ಲಿ ಚಹಾಕ್ಕೆ ಅಂತ ನಿಲ್ಲಿಸಿ ಹತ್ತೇ ನಿಮಿಷದಲ್ಲಿ ವಾಪಸ್ ಬಂದು ಬಾಗಿಲು ತೆಗೆದರೆ, ಭಟ್ಟಿಯ ಬಾಯಿ ತೆಗೆದ ಹಾಗೆ ಬಿಸಿ ಮುಖಕ್ಕೆ ಹೊಡೆಯಿತು. ಆರು ವರ್ಷದ ಮಗಳು ಹತ್ತಲ್ಲ ಅಂತ ಹಟ ಮಾಡಿದಳು.

ಊರಲ್ಲಿ ಮನೆ ಮುಂದೆ ಬಯಲು, ಒಂದು ಬೇವಿನ ಮರ. ಗಾಡಿ ಮರದ ಕೆಳಗೇ ನಿಲ್ಲಿಸಿದೆ. ಬೆಳಗ್ಗೆ ನೆರಳಿತ್ತು. ಹನ್ನೆರಡಾದ ಮೇಲೆ ನೆರಳು ಗಾಡಿ ಬಿಟ್ಟು ಮರದ ಬುಡಕ್ಕೆ ಹೋಗಿ ಕೂತಿತು. ಮೇ ಮೊದಲ ವಾರ ಅಂದರೆ ನಮ್ಮೂರ ಕಡೆ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುವ ಕಾಲ. ಬೆಂಗಳೂರಿನಲ್ಲಿ ಅದು ಏಪ್ರಿಲ್ 24ರ ಆಸುಪಾಸು. ಮಧ್ಯಾಹ್ನ ಒಂದು ಕಂಬ ನಿಲ್ಲಿಸಿದರೆ ನೆರಳೇ ಬೀಳದ ದಿನ. ಶಾಲೆ ಮಕ್ಕಳಿಗೆ ಅದನ್ನು ಆಟದ ಹಾಗೆ ತೋರಿಸುತ್ತಾರೆ. ಗಾಡಿಯಲ್ಲಿ ಇರುವವರಿಗೆ ಅದು ಆಟ ಅಲ್ಲ.

ಅಪ್ಪ ಊಟ ಮಾಡಿ ಗಾಡಿ ನೋಡಲು ಬಂದರು. ಬಾಗಿಲ ಹಿಡಿಕೆ ಮುಟ್ಟಿ ಕೈ ಹಿಂದಕ್ಕೆ ತಗೊಂಡರು. ಹೆಗಲ ಮೇಲಿನ ಟವೆಲ್ಲು ಸುತ್ತಿಕೊಂಡು ಬಾಗಿಲು ತೆಗೆದರು. ಒಳಗೆ ಕೂತು ಎಡಕ್ಕೆ ಬಲಕ್ಕೆ ನೋಡಲಿಲ್ಲ, ಸೀದಾ ಮೇಲಕ್ಕೆ ನೋಡಿದರು.

"ತಮ್ಮಾ, ಇದು ಮನಿ ಅಲ್ಲೋ. ರೊಟ್ಟಿ ಹಂಚು ಬೋರಲ ಹಾಕಿ ಅದರ ಕೆಳಗ ಕುಂತಂಗ ಆಗೇತಿ."

ಅಡುಗೆ ಕಟ್ಟೆ ತೋರಿಸಬೇಕು, ಮಡಚುವ ಮೇಜು ತೋರಿಸಬೇಕು ಅಂತಿದ್ದೆ. ಅವ್ವ ಬಂದು ಮೊಮ್ಮಗಳ ತಲೆ ಮುಟ್ಟಿ, "ಕೂಸಿನ ನೆತ್ತಿ ಸುಡಾಕತ್ತೇತಿ" ಅಂತ ಎತ್ತಿಕೊಂಡು ಒಳಗೆ ಹೋದಳು. ಹರಳೆಣ್ಣೆ ತಟ್ಟಿ ಮಣ್ಣಿನ ಮಾಳಿಗೆ ಕೆಳಗೆ ಮಲಗಿಸಿದಳು. ಆ ಹಳೆ ಮನೆಯ ಮೇಲೆ ಒಂದಡಿಗೂ ಜಾಸ್ತಿ ಮಣ್ಣಿದೆ. ಬಿಸಿಲು ಅದನ್ನು ಕಾಯಿಸಿ ಮುಗಿಸುವ ಹೊತ್ತಿಗೆ ಸಂಜೆ ಆಗಿರುತ್ತದೆ. ನನ್ನ ಗಾಡಿಯ ಮೇಲಿದ್ದದ್ದು ಒಂದು ಮಿಲಿಮೀಟರ್ ಲೆಕ್ಕದ ತಗಡು, ಅದರ ಕೆಳಗೆ ತೆಳು ಫೋಮು, ಅದರ ಕೆಳಗೆ ಪ್ಲೈವುಡ್ಡು.

ಅಪ್ಪ ಹೇಳಿದ ಹಂಚಿನ ಮಾತು ಸುಮ್ನೆ ಬೈಗುಳ ಅಲ್ಲ ಅಂತ ಆಮೇಲೆ ಅರ್ಥವಾಯಿತು. ನಾನು ಒಳಗಿನ ಥರ್ಮಾಮೀಟರ್ ನೋಡಿಕೊಂಡು, ಗಾಳಿ ಅಷ್ಟೇನೂ ಬಿಸಿ ಇಲ್ಲವಲ್ಲ, ಏಸಿ ಓಡುತ್ತಿದೆಯಲ್ಲ ಅಂತ ವಾದ ಮಾಡುತ್ತಿದ್ದೆ. ಆದರೆ ಕಾದ ಸೂರು ಗಾಳಿಯ ಹಂಗಿಲ್ಲದೆ ನೇರವಾಗಿ ನಮ್ಮ ತಲೆ ಮೇಲೆ ಬಿಸಿ ಸುರಿಯುತ್ತದೆ. ಒಲೆ ಮುಂದೆ ಕೂತರೆ ಬೆನ್ನು ತಣ್ಣಗಿದ್ದು ಮುಖ ಸುಡುವುದಿಲ್ಲವೇ, ಹಾಗೆ. ಥರ್ಮಾಮೀಟರಿಗೆ ಅದು ಪೂರ್ತಿ ಗೊತ್ತಾಗುವುದಿಲ್ಲ. ನೆತ್ತಿಗೆ ಗೊತ್ತಾಗುತ್ತದೆ.

ಮಾಳಿಗೆ ಮನೆ ಪಕ್ಕಕ್ಕೆ ಅಂಟಿಕೊಂಡು ಒಂದು ಆರ್‌ಸಿಸಿ ಕೋಣೆ ಇದೆ. ಪ್ರತಿ ವರ್ಷ ಯುಗಾದಿ ಮುಗಿದ ವಾರ ಅಪ್ಪ ಅದರ ಮೇಲೆ ಎರಡು ಕೈ ಸುಣ್ಣ ಹೊಡೆಯುತ್ತಾರೆ. ಚಿಕ್ಕಂದಿನಿಂದ ನೋಡಿದ್ದೇನೆ. ಹಬ್ಬಕ್ಕೆ ಗೋಡೆ ಬಳಿದು ಉಳಿದದ್ದನ್ನು ಅಲ್ಲಿ ಸುರಿಯುತ್ತಾರೆ ಅಂತಲೇ ಅಂದುಕೊಂಡಿದ್ದೆ. ಅವತ್ತು ಸಂಜೆ ಅವರೇ ಹೇಳಿದರು. "ಡ್ರಮ್ಮಿನ್ಯಾಗ ಇನ್ನಾ ಸುಣ್ಣ ಐತಿ. ಬೇಕಂದ್ರ ನಿನ್ನ ಹಂಚಿಗೂ ಬಳಿ."

ಹೊಸ ಬಣ್ಣದ ಮೇಲೆ ಸುಣ್ಣ! ಜೀವ ಹೊಡೆದುಕೊಂಡಿತು. ಆದರೆ ಮರುದಿನದ ಮಧ್ಯಾಹ್ನ ಇನ್ನೂ ಬಾಕಿ ಇತ್ತಲ್ಲ. ಕೊನೆಗೆ ಒಂದು ರಾಜಿ ಮಾಡಿಕೊಂಡೆ. ಅರ್ಧ ಬಳಿಯುವುದು, ಅರ್ಧ ಬಿಡುವುದು, ನೋಡಿಯೇ ಬಿಡುವುದು. ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ, ತಗಡಿಗೆ ಹಿಡಿಯಲಿ ಅಂತ ಸ್ವಲ್ಪ ಅಂಟು ಕಲಸಿ, ಬಿಸಿಲು ಇಳಿದ ಮೇಲೆ ಏಣಿ ಹಾಕಿ ಹತ್ತಿದೆ. ನಾರಿನ ಕುಂಚ. ಹಚ್ಚುವಾಗ ಸುಣ್ಣ ಬೆಳ್ಳಗೆ ಕಾಣುವುದೇ ಇಲ್ಲ, ತೆಳ್ಳಗೆ ಮಜ್ಜಿಗೆ ಚೆಲ್ಲಿದ ಹಾಗೆ, ಕೆಳಗಿನ ಕಪ್ಪು ಎದ್ದು ಕಾಣುತ್ತಿತ್ತು. ಇದು ಕೆಲಸಕ್ಕೆ ಬರಲ್ಲ ಅಂತ ಬೈದುಕೊಂಡು ಎರಡನೇ ಕೈ ಹೊಡೆದು ಇಳಿದೆ. ಬೆಳಗ್ಗೆ ಎದ್ದು ನೋಡಿದರೆ ಕಣ್ಣು ಕುಕ್ಕುವ ಬಿಳಿ. ಡ್ರೈವರ್ ಸೀಟಿನಿಂದ ನಡುವಿನ ಫ್ಯಾನಿನವರೆಗೆ ಬಿಳಿ, ಅಲ್ಲಿಂದ ಹಿಂದಕ್ಕೆ ಕಡು ಬೂದು.

ಹೆಂಡತಿ ನೋಡಿ, "ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂತಾರಲ್ಲ ರೀ, ನೀವು ಗಾಡಿಗೇ ಮಾಡಿದ್ರಿ" ಅಂದಳು. ಇಲ್ಲಿ ಒಂದೇ ವ್ಯತ್ಯಾಸ. ಸುಣ್ಣ ಬಿದ್ದ ಕಣ್ಣೇ ಪುಣ್ಯ ಮಾಡಿತ್ತು.

ಮಧ್ಯಾಹ್ನ ಎರಡೂವರೆಗೆ ನನ್ನ ಇನ್‌ಫ್ರಾರೆಡ್ ಗನ್ನು ತಗೊಂಡು ಏಣಿ ಹತ್ತಿದೆ. ಅದೇ, ಕೊರೊನಾ ಕಾಲದಲ್ಲಿ ಅಂಗಡಿ ಬಾಗಿಲಲ್ಲಿ ಹಣೆಗೆ ಹಿಡಿಯುತ್ತಿದ್ದರಲ್ಲ, ಅದರ ಅಣ್ಣ. ಬೂದು ಬಣ್ಣದ ಮೇಲೆ ಹಿಡಿದರೆ 72 ಡಿಗ್ರಿ. ಒಂದು ಗೇಣು ಆಚೆ ಸುಣ್ಣದ ಮೇಲೆ ಹಿಡಿದರೆ 50. ಮತ್ತೆ ಹಿಡಿದೆ, ಅಷ್ಟೇ. ಅಪ್ಪನಿಗೆ ಗನ್ನಿನ ಮೇಲೆ ನಂಬಿಕೆ ಇಲ್ಲ. ಏಣಿಯ ನಾಲ್ಕು ಮೆಟ್ಟಿಲು ಹತ್ತಿ ಸುಣ್ಣದ ಮೇಲೆ ಅಂಗೈ ಇಟ್ಟು, ಹಾಗೇ ಇಟ್ಟುಕೊಂಡೇ ಏನೋ ಎರಡು ಮಾತಾಡಿದರು. ಆಮೇಲೆ ಬೂದು ಭಾಗಕ್ಕೆ ಕೈ ತಾಗಿಸಿ ಚಟ್ ಅಂತ ತೆಗೆದು, "ಸಾಕ ಬಿಡು, ಗೊತ್ತಾತು" ಅಂತ ಇಳಿದರು.

ಗನ್ನಿನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ, ಯಾರಾದರೂ ಪ್ರಯೋಗ ಮಾಡುವವರಿದ್ದರೆ ಉಪಯೋಗಕ್ಕೆ ಬರುತ್ತದೆ. ಬಣ್ಣ ಹಚ್ಚಿದ ಜಾಗದಲ್ಲಿ ಅದು ಹೆಚ್ಚುಕಮ್ಮಿ ನಿಜ ಹೇಳುತ್ತದೆ. ಫಳಫಳ ಹೊಳೆಯುವ ಸ್ಟೀಲಿನ ಮೇಲೆ ಹಿಡಿದರೆ ಸುಳ್ಳು ಹೇಳುತ್ತದೆ. ನಮ್ಮ ಗಾಡಿಯ ಹಿಂದಿನ ಸ್ಟೀಲ್ ಏಣಿಗೆ ಹಿಡಿದರೆ ಬಹಳ ತಂಪು ಅಂತ ತೋರಿಸಿತು, ನಂಬಿ ಹಿಡಿದುಕೊಂಡೆ, ಅಂಗೈ ಸುಟ್ಟಿತು. ಅದರ ಮೇಲೆ ಒಂದು ತುಂಡು ಇನ್ಸುಲೇಶನ್ ಟೇಪ್ ಅಂಟಿಸಿ, ಸ್ವಲ್ಪ ಹೊತ್ತು ಬಿಟ್ಟು, ಟೇಪಿನ ಮೇಲೆ ಹಿಡಿದರೆ ಸರಿಯಾದ ಲೆಕ್ಕ ಸಿಗುತ್ತದೆ. ಈ ಸುಳ್ಳಿನ ಹಿಂದೆ ಒಂದು ದೊಡ್ಡ ವಿಷಯ ಇದೆ, ಮುಂದೆ ಬರುತ್ತೇನೆ.

ಅವತ್ತಿನ ನಿಜವಾದ ಫಲಿತಾಂಶ ಗನ್ನಿನಲ್ಲಿ ಇರಲಿಲ್ಲ. ಮೂರು ಗಂಟೆ ಹೊತ್ತಿಗೆ ಯಾರೂ ಯಾರಿಗೂ ಏನೂ ಹೇಳದೆ ಎಲ್ಲರೂ ಗಾಡಿಯ ಮುಂದಿನ ಅರ್ಧಕ್ಕೆ ಬಂದು ಕೂತಿದ್ದರು. ಹಿಂದಿನ ದೊಡ್ಡ ಹಾಸಿಗೆ ಖಾಲಿ. ಅಪ್ಪ ಮುಂದಿನ ಮೋಟು ಬೆಂಚಿನ ಮೇಲೆ ಮಂಡಿ ಮಡಚಿಕೊಂಡು ನಿದ್ದೆ ಹೋಗಿದ್ದರು.

ಲೆಕ್ಕ ಹಾಕಿದರೆ ಇದರಲ್ಲಿ ಆಶ್ಚರ್ಯ ಏನಿಲ್ಲ. ಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರಿನ ಮೇಲೆ ಸುಮಾರು 1000 ವ್ಯಾಟ್ ಶಕ್ತಿ ಸುರಿಯುತ್ತದೆ. ಒಂದು ಇಸ್ತ್ರಿ ಪೆಟ್ಟಿಗೆ ಅನ್ನಿ. ನನ್ನ ಗಾಡಿಯ ಮೇಲ್ಭಾಗ ಸುಮಾರು 10 ಚದರ ಮೀಟರ್, ಅಂದರೆ ಹತ್ತು ಇಸ್ತ್ರಿ ಪೆಟ್ಟಿಗೆ. ಕಪ್ಪಿಗೆ ಹತ್ತಿರದ ಬಣ್ಣ ಅದರಲ್ಲಿ ಒಂಬತ್ತನ್ನೋ ಅದಕ್ಕಿಂತ ಜಾಸ್ತಿಯನ್ನೋ ನುಂಗಿಕೊಳ್ಳುತ್ತದೆ. ಹೊಸ ಬಿಳಿ ಬಣ್ಣ ನುಂಗುವುದು ಎರಡು, ಎರಡೂವರೆ. ನುಂಗಿದ್ದೆಲ್ಲ ಒಳಗೇ ಬರುವುದಿಲ್ಲ, ಜಾಸ್ತಿ ಪಾಲು ಗಾಳಿಗೆ, ಆಕಾಶಕ್ಕೆ ಹೋಗುತ್ತದೆ. ಉಳಿದದ್ದು ಕೆಳಗೆ ಇಳಿಯುತ್ತದೆ. ಮನೆಯಲ್ಲಿ ಹಾಕಿಸುವ ಒಂದೂವರೆ ಟನ್ನಿನ ಏಸಿ ಹೊರಗೆ ಎಳೆದು ಹಾಕಬಲ್ಲದ್ದು 5200 ವ್ಯಾಟಿನ ಆಸುಪಾಸು. ನನ್ನದು ಅದರಲ್ಲಿ ಅರ್ಧವೂ ಇಲ್ಲ. ಅದು ಅಳದೆ ಇನ್ನೇನು ಮಾಡೀತು?

ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಇದನ್ನು ನನಗಿಂತ ಎಷ್ಟೋ ಶಿಸ್ತಾಗಿ ಮಾಡಿದ್ದಾರೆ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಬೇಸಿಗೆಯಲ್ಲಿ ಎರಡು ಹೋಂಡಾ ಸಿವಿಕ್ ಕಾರು ಅಕ್ಕಪಕ್ಕ ನಿಲ್ಲಿಸಿದರು. ಒಂದು ಕಪ್ಪು, ಒಂದು ಬೆಳ್ಳಿ ಬಣ್ಣದ್ದು. 2011ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ಮೇಲಿನ ತಗಡಿನ ವ್ಯತ್ಯಾಸ 25 ಡಿಗ್ರಿಯವರೆಗೆ ಹೋಗಿದೆ, ಒಳಗಿನ ಗಾಳಿಯಲ್ಲಿ 5ರಿಂದ 6 ಡಿಗ್ರಿ. ಈ ಎರಡು ಅಂಕಿಗಳನ್ನು ಒಟ್ಟಿಗೆ ನೋಡಬೇಕು. ಮೇಲೆ 25 ಉಳಿದರೆ ಒಳಗೆ ಉಳಿಯುವುದು 5 ಅಷ್ಟೇ. ಯಾಕೆಂದರೆ ಗಾಜು ಇದೆಯಲ್ಲ, ಗಾಜಿಗೆ ಯಾರೂ ಬಿಳಿ ಬಣ್ಣ ಹೊಡೆಯಲು ಆಗುವುದಿಲ್ಲ.

ವಾಪಸ್ ಬರುವಾಗ ಚಿತ್ರದುರ್ಗದ ಹತ್ತಿರ ಮಳೆ. ಬೇಸಿಗೆ ಮಳೆ, ಅರ್ಧ ಗಂಟೆ, ಕಲ್ಲು ಹೊಡೆದ ಹಾಗೆ. ಅಪ್ಪನ ಸುಣ್ಣ, ನನ್ನ ಅಂಟು ಎಲ್ಲ ಕರಗಿ ಕಿಟಕಿ ಮೇಲೆ, ಬಾಗಿಲ ಮೇಲೆ ಇಳಿಯಿತು. ಬಿಸಿಲು ಬಂದು ಒಣಗಿದ ಮೇಲೆ ಗಾಡಿಯ ಎರಡೂ ಪಕ್ಕ ವಿಭೂತಿ ಬಳಿದ ಹಾಗೆ ಉದ್ದಕ್ಕೆ ಗೆರೆ. ಟೋಲಿನಲ್ಲಿದ್ದ ಹುಡುಗ, "ಗಾಡಿಗೆ ಪೂಜೆನಾ ಸಾರ್?" ಅಂತ ಕೇಳಿದ. ತೊಳೆದರೂ ಆ ಗೆರೆಗಳು ಪೂರ್ತಿ ಹೋಗಲಿಲ್ಲ. ಸುಣ್ಣ ಕ್ಷಾರದ ವಸ್ತು, ಬಣ್ಣದ ಮೈಯನ್ನೇ ತಿಂದಿತ್ತು. ಹಾಗಾಗಿ ನನ್ನ ಹಾಗೆ ಗಾಡಿಗೆ ಸುಣ್ಣ ಬಳಿಯಬೇಡಿ. ಕಣ್ಣಿಗೆ ಹಾರಿದರಂತೂ ದೊಡ್ಡ ಅನಾಹುತ.

ಬೆಂಗಳೂರಿಗೆ ಬಂದು ಅದೇ ಪೇಂಟರ್ ಹತ್ತಿರ ಹೋದೆ. ಅವನು ಗಾಡಿ ನೋಡಿದ, ನನ್ನ ಮುಖ ನೋಡಿದ, ಏನೂ ಹೇಳಲಿಲ್ಲ. ದೊಡ್ಡ ಮನಸ್ಸು.

ಅಷ್ಟರಲ್ಲಿ ಅಪಾರ್ಟ್‌ಮೆಂಟಿನಲ್ಲಿ ಎಲ್ಲರೂ ಸಲಹೆಗಾರರಾಗಿದ್ದರು. ಒಬ್ಬರು, ಬಿಳಿ ಯಾಕೆ, ಸಿಲ್ವರ್ ಪೇಂಟ್ ಹೊಡೆಸಿ, ಕನ್ನಡಿ ಥರ ಬಿಸಿಲು ವಾಪಸ್ ಹೋಗುತ್ತದೆ ಅಂದರು. ಕೇಳಲು ಸರಿಯಾಗೇ ಇದೆ. ಆದರೆ ಬಿಸಿಲಲ್ಲಿಟ್ಟ ಸ್ಟೀಲ್ ಕೊಡ ಮುಟ್ಟಿದ್ದೀರಾ? ಅಷ್ಟು ಹೊಳೆಯುತ್ತದೆ, ಆದರೂ ಸುಡುತ್ತದೆ. ಯಾಕೆಂದರೆ ತಂಪಾಗಿರಲು ಎರಡು ಗುಣ ಬೇಕು. ಬಿಸಿಲನ್ನು ವಾಪಸ್ ಕಳಿಸುವುದು ಒಂದು. ತಪ್ಪಿಸಿಕೊಂಡು ಒಳಗೆ ಬಂದ ಬಿಸಿಯನ್ನು ಕಣ್ಣಿಗೆ ಕಾಣದ ಕಿರಣವಾಗಿ ಹೊರಗೆ ಉಗುಳುವುದು ಇನ್ನೊಂದು. ಹೊಳೆಯುವ ಲೋಹಕ್ಕೆ ಉಗುಳಲು ಬರುವುದಿಲ್ಲ, ಹಿಡಿದಿಟ್ಟುಕೊಳ್ಳುತ್ತದೆ. ನನ್ನ ಗನ್ನು ಸ್ಟೀಲ್ ಏಣಿಗೆ ಮೋಸ ಹೋಗಿದ್ದೂ ಇದೇ ಕಾರಣಕ್ಕೆ, ಅದು ಅಳೆಯುವುದೇ ಆ ಉಗುಳಿದ ಬಿಸಿಯನ್ನು. ಬಣ್ಣ ಯಾವುದೇ ಇರಲಿ, ಕಪ್ಪು ಬಿಳಿ ಕೆಂಪು, ಸಾಮಾನ್ಯ ಪೇಂಟು ಉಗುಳುವುದರಲ್ಲಿ ಎಲ್ಲವೂ ಗಟ್ಟಿಗರೇ. ಬಿಳಿಗೆ ಮಾತ್ರ ಎರಡೂ ಬರುತ್ತದೆ. ಅಲ್ಯುಮಿನಿಯಂ ಪುಡಿ ಹಾಕಿದ ಸಿಲ್ವರ್ ಪೇಂಟು ನಡುವೆ ಎಲ್ಲೋ ನಿಲ್ಲುತ್ತದೆ.

ಇನ್ನೊಂದು ವಿಷಯ ನನಗೆ ಅಚ್ಚರಿ ಅನ್ನಿಸಿದ್ದು. ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧ ಕಣ್ಣಿಗೆ ಕಾಣುವುದೇ ಇಲ್ಲ, ಅದು ಕೆಂಪಿನ ಆಚೆಯ ಇನ್‌ಫ್ರಾರೆಡ್. ಅಂದರೆ ಬಣ್ಣ ನೋಡಿ ನಾವು ಹೇಳುವುದು ಅರ್ಧ ಕಥೆ ಮಾತ್ರ. ಕಣ್ಣಿಗೆ ಕಪ್ಪಾಗೇ ಕಂಡು, ಆ ಕಾಣದ ಅರ್ಧದಲ್ಲಿ ಒಳ್ಳೆ ಪಾಲನ್ನು ವಾಪಸ್ ಕಳಿಸುವ ಪಿಗ್ಮೆಂಟುಗಳೂ ಇವೆ. ಅಂಥದ್ದು ಹಾಕಿಸಿದ್ದರೆ ನನ್ನ ಬೂದು ಬಣ್ಣದ ಶೋಕಿ ಸ್ವಲ್ಪ ಉಳಿಯುತ್ತಿತ್ತೇನೋ. ಪೇಂಟರ್‌ಗೆ ಕೇಳಿದೆ. "ಅದೆಲ್ಲ ನಮ್ಮತ್ರ ಬರಲ್ಲ ಸಾರ್" ಅಂದ.

ಬಿಳಿಯ ಹುಚ್ಚು ಹಿಡಿದ ಮೇಲೆ ರಾತ್ರಿ ಕೂತು ಓದಿದ್ದರಲ್ಲಿ ಒಂದು ಸಂಗತಿ ಅಪ್ಪನಿಗೆ ಫೋನ್ ಮಾಡಿ ಹೇಳುವಷ್ಟು ಖುಷಿ ಕೊಟ್ಟಿತು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಷಿಯುಲಿನ್ ರುವಾನ್ ಅನ್ನುವ ಪ್ರೊಫೆಸರ್ ತಂಡ 2021ರಲ್ಲಿ ಬಿಸಿಲಿನ ನೂರರಲ್ಲಿ 98.1 ಪಾಲನ್ನು ವಾಪಸ್ ಕಳಿಸುವ ಬಿಳಿ ಬಣ್ಣ ಮಾಡಿತು. ಗಿನ್ನೆಸ್ ದಾಖಲೆಗೂ ಹೋಯಿತು. ಅದರಲ್ಲಿ ಹಾಕಿದ್ದು ಬೇರಿಯಂ ಸಲ್ಫೇಟ್, ಹೊಟ್ಟೆಯ ಎಕ್ಸ್‌ರೇ ತೆಗೆಯುವ ಮುಂಚೆ ಕುಡಿಸುತ್ತಾರಲ್ಲ, ಆ ಬಿಳಿ ಪುಡಿ. ಮಾಮೂಲಿ ಬಿಳಿ ಪೇಂಟಿನಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಅಲ್ಟ್ರಾವಯಲೆಟ್ ಕಿರಣವನ್ನು ನುಂಗುತ್ತದೆ, ಅದಕ್ಕೇ ಅದನ್ನು ಬಿಟ್ಟರಂತೆ. ಆದರೆ ನನ್ನ ಕಣ್ಣು ನಿಂತಿದ್ದು ಅದರ ಹಿಂದಿನ ವರ್ಷದ ಬಣ್ಣದ ಮೇಲೆ. 2020ರಲ್ಲಿ ಅದೇ ತಂಡ 95.5 ಪಾಲು ವಾಪಸ್ ಕಳಿಸುವ ಬಣ್ಣ ಮಾಡಿತ್ತು, ಅದರಲ್ಲಿದ್ದದ್ದು ಕ್ಯಾಲ್ಸಿಯಂ ಕಾರ್ಬೊನೇಟ್. ನೀರಲ್ಲಿ ಅರಳಿಸಿದ ಸುಣ್ಣ ಗೋಡೆ ಮೇಲೆ ಒಣಗುತ್ತಾ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಏನಾಗುತ್ತದೆ ಹೇಳಿ? ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ರಾತ್ರಿ ಮಜ್ಜಿಗೆಯಂತಿದ್ದದ್ದು ಬೆಳಗ್ಗೆ ಕಣ್ಣು ಕುಕ್ಕಿದ್ದು ಸುಮ್ನೆ ಅಲ್ಲ, ಒಣಗಿದ ಮೇಲೇ ಸುಣ್ಣ ಬೆಳ್ಳಗಾಗುವುದು. ನಮ್ಮ ಡ್ರಮ್ಮಿನ ಸುಣ್ಣ ಅವರ ಬಣ್ಣದ ಹತ್ತಿರಕ್ಕೂ ಬರುವುದಿಲ್ಲ, ಅವರು ಕಣಗಳ ಗಾತ್ರ ಲೆಕ್ಕ ಮಾಡಿ ಬೆರೆಸಿದ್ದಾರೆ. ಆದರೆ ವಸ್ತು ಅದೇ.

ಫೋನಿನಲ್ಲಿ ಇಷ್ಟೆಲ್ಲ ಹೇಳಿದೆ. ಅಪ್ಪ ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದರು. "ಎಲ್ಲಾ ಖರೆ. ಹಂಗಾದ್ರ ಕುರಿ ಕಾಯೋರು ಕರಿ ಕಂಬಳಿ ಹೊತ್ಕೊಂಡು ಬಿಸಲಾಗ ಹೆಂಗ ನಿಂದರ್ತಾರ?"

ಬಾಯಿ ಕಟ್ಟಿತು. ನಿಜವೇ. ನಮ್ಮ ಕಡೆ ಮೇ ತಿಂಗಳ ಉರಿಯಲ್ಲೂ ಕುರಿ ಹಿಂಡಿನ ಹಿಂದೆ ಕರಿ ಕಂಬಳಿ ಹೊದ್ದ ಮನುಷ್ಯ ನಿಂತಿರುತ್ತಾನೆ. ನಮ್ಮ ಕುರಿಗಳ ಉಣ್ಣೆಯೇ ಕಪ್ಪು, ಕಂಬಳಿಯೂ ಕಪ್ಪು. ಆದರೂ ಅವನು ಬೇಯುವುದಿಲ್ಲ.

ಹುಡುಕಿದರೆ ಇದೇ ಪ್ರಶ್ನೆ ಬೇರೆ ಊರಿನವರೂ ಕೇಳಿದ್ದರು. ಸಿನಾಯ್ ಮರುಭೂಮಿಯ ಬೆಡೊಯಿನ್ ಜನ ಕಪ್ಪು ನಿಲುವಂಗಿ ಯಾಕೆ ತೊಡುತ್ತಾರೆ ಅಂತ 1980ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಪುಟ್ಟ ಬರಹ ಬಂದಿದೆ. ಬಿಸಿಲಲ್ಲಿ ಮನುಷ್ಯನನ್ನು ನಿಲ್ಲಿಸಿ, ಒಮ್ಮೆ ಕಪ್ಪು, ಒಮ್ಮೆ ಬಿಳಿ ತೊಡಿಸಿ ಅಳೆದರು. ಕಪ್ಪು ಬಟ್ಟೆ ಜಾಸ್ತಿ ಕಾದಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಚರ್ಮಕ್ಕೆ ಮುಟ್ಟಿದ ಬಿಸಿ ಎರಡರಲ್ಲೂ ಒಂದೇ. ಬಟ್ಟೆ ಸಡಿಲ, ಮೈಗೂ ಅದಕ್ಕೂ ನಡುವೆ ಜಾಗ ಇದೆ, ಅಲ್ಲಿ ಗಾಳಿ ಆಡುತ್ತದೆ. ಆ ಜಾಸ್ತಿ ಬಿಸಿಯನ್ನು ಗಾಳಿಯೇ ಎತ್ತಿಕೊಂಡು ಹೋಗುತ್ತದೆ. ಕಂಬಳಿಯದೂ ಹೆಚ್ಚುಕಮ್ಮಿ ಅದೇ ಕಥೆ ಇರಬೇಕು, ಅದರ ಮೇಲೆ ಉಣ್ಣೆಯ ದಪ್ಪ ಬೇರೆ.

ಅಪ್ಪನ ಆ ಒಂದು ಪ್ರಶ್ನೆಯಿಂದ ನನ್ನ ಯೋಜನೆಯೇ ಬದಲಾಯಿತು. ಇಡೀ ಗಾಡಿ ಮತ್ತೆ ಬಿಳಿ ಮಾಡಿಸುವ ಬದಲು, ಮೇಲ್ಭಾಗಕ್ಕೆ ಮಾತ್ರ ಹೊಳಪಿನ ಬಿಳಿ ಪಿಯು (ಪಾಲಿಯುರೆಥೇನ್) ಪೇಂಟ್. ಅದರ ಹಿಂದಿನ ಅರ್ಧದ ಮೇಲೆ ಸೋಲಾರ್ ಪ್ಯಾನೆಲ್ಲು, ತಗಡಿಗೆ ಅಂಟಿಸದೆ ಮೂರು ಇಂಚು ಎತ್ತರಿಸಿ. ಹಳೆ ಲ್ಯಾಂಡ್ ರೋವರ್‌ಗಳಲ್ಲಿ ಟ್ರಾಪಿಕಲ್ ರೂಫ್ ಅಂತ ಇತ್ತು, ಸೂರಿನ ಮೇಲೆ ಇನ್ನೊಂದು ಸೂರು, ನಡುವೆ ಗಾಳಿ. ನನ್ನದು ಬಡವನ ಟ್ರಾಪಿಕಲ್ ರೂಫ್. ಪ್ಯಾನೆಲ್ಲು ಕಪ್ಪಗಿದೆ, ಕೈ ಇಡಲಾಗದಷ್ಟು ಕಾಯುತ್ತದೆ. ಆದರೆ ಅದರ ಅಡಿಗೆ ಕೈ ತೂರಿಸಿ ತಗಡು ಮುಟ್ಟಿ ನೋಡಿದರೆ ಬಯಲಲ್ಲಿರುವ ಬಿಳಿ ಭಾಗಕ್ಕಿಂತಲೂ ತಂಪು. ಕಂಬಳಿಯ ಕೆಳಗಿನ ಕುರಿಗಾಹಿ!

ಗಾಡಿಯ ಪಕ್ಕಗಳು ಇನ್ನೂ ಬೂದು ಬಣ್ಣದಲ್ಲೇ ಇವೆ. ದುಡ್ಡು ಒಂದು ಕಾರಣ, ಶೋಕಿ ಇನ್ನೊಂದು ಕಾರಣ, ಎರಡನ್ನೂ ಒಪ್ಪಿಕೊಳ್ಳುತ್ತೇನೆ. ಆದರೆ ಒಂದು ಸಮಜಾಯಿಷಿಯೂ ಇದೆ. ನಮ್ಮ ದೇಶದಲ್ಲಿ ಬೇಸಿಗೆಯ ಮಧ್ಯಾಹ್ನ ಸೂರ್ಯ ನೆತ್ತಿ ಮೇಲೆ ಇರುವಾಗ ಪಕ್ಕದ ಗೋಡೆಗಳಿಗೆ ಬಿಸಿಲು ಜಾರಿಕೊಂಡು ಹೋಗುತ್ತದೆ, ಪೂರ್ತಿ ಹೊಡೆತ ಸೂರಿಗೇ. ಪಕ್ಕಕ್ಕೆ ಕಷ್ಟ ಬೆಳಗ್ಗೆ ಮತ್ತು ನಾಲ್ಕು ಗಂಟೆ ಮೇಲೆ. ಪಡುವಣದ ಬಿಸಿಲಿಗೆ ಗಾಡಿಯ ಉದ್ದ ಪಕ್ಕ ಒಡ್ಡದೆ, ಅಗಲ ಕಮ್ಮಿ ಇರುವ ಹಿಂಭಾಗ ಒಡ್ಡಿ ನಿಲ್ಲಿಸುತ್ತೇನೆ. ಮುಂದಿನ ಗಾಜಿಗೆ ಹೊರಗಿನಿಂದ ಹೊದಿಸುವ ಹೊಳಪಿನ ಹಾಳೆ. ಒಳಗಿನಿಂದ ಪರದೆ ಹಾಕಿದರೆ ಬಿಸಿಲು ಆಗಲೇ ಗಾಜು ದಾಟಿ ಬಂದಿರುತ್ತದೆ, ಕಳ್ಳ ಒಳಗೆ ಬಂದ ಮೇಲೆ ಬಾಗಿಲು ಹಾಕಿದ ಹಾಗೆ. ಗಾಜನ್ನೇ ಕಪ್ಪು ಮಾಡಿಸೋಣ ಅಂದರೆ ನಿಯಮ ಬಿಡುವುದಿಲ್ಲ. ಮುಂದಿನ, ಹಿಂದಿನ ಗಾಜಿನಲ್ಲಿ ನೂರಕ್ಕೆ 70, ಪಕ್ಕದ ಗಾಜಿನಲ್ಲಿ 50 ಪಾಲು ಬೆಳಕಾದರೂ ಒಳಗೆ ಬರಬೇಕು.

ಇಷ್ಟೆಲ್ಲ ಮಾಡಿದರೂ ಪವಾಡ ಏನೂ ಆಗಿಲ್ಲ. ಹೊರಗೆ 41 ಡಿಗ್ರಿ ಇದ್ದರೆ ಯಾವ ಬಣ್ಣವೂ ಒಳಗೆ 30 ಮಾಡಿಕೊಡುವುದಿಲ್ಲ. ಬಿಳಿ ಸೂರು ಮಾಡುವುದು ಇಷ್ಟೇ. ಹೊರಗಿನ ಬಿಸಿಗೆ ಗಾಡಿ ತನ್ನದೂ ಒಂದಿಷ್ಟು ಸೇರಿಸುವುದನ್ನು ಕಮ್ಮಿ ಮಾಡುತ್ತದೆ. ಏಸಿ ಈಗ ಅಳುವುದಿಲ್ಲ, ನಡುನಡುವೆ ನಿಂತು ಉಸಿರು ಬಿಡುತ್ತದೆ. ಬ್ಯಾಟರಿ ಸಂಜೆಯವರೆಗೆ ಬರುತ್ತದೆ. ಮಗಳು ಮಧ್ಯಾಹ್ನ ಹಿಂದಿನ ಹಾಸಿಗೆಯಲ್ಲಿ ಬಣ್ಣದ ಪುಸ್ತಕ ಹರಡಿಕೊಂಡು ಮಲಗುತ್ತಾಳೆ. ತಗಡಿನ ಮನೆಗೆ ಒಂದು ಒಳ್ಳೆ ಗುಣವೂ ಇದೆ, ಸಿಟ್ಟು ಬಂದಷ್ಟೇ ಬೇಗ ಇಳಿಯುತ್ತದೆ. ಹೊತ್ತು ಮುಳುಗಿ ಅರ್ಧ ಗಂಟೆಗೆ ಗಾಡಿ ತಣ್ಣಗೆ. ಪಕ್ಕದ ಆರ್‌ಸಿಸಿ ಕೋಣೆ ರಾತ್ರಿ ಹನ್ನೊಂದಾದರೂ ಗೋಡೆಯಿಂದ ಬಿಸಿ ಬಿಡುತ್ತಿರುತ್ತದೆ. ಹೋದ ಸಲ ಅವ್ವ, ಮೊಮ್ಮಗಳ ನೆವ ಹೇಳಿಕೊಂಡು, ಗಾಡಿಯಲ್ಲೇ ಮಲಗಿದಳು.

ಬಿಳಿಗೆ ಇರುವ ಒಂದು ಕಷ್ಟ ಧೂಳು. ನಮ್ಮ ಕಡೆಯ ರಸ್ತೆಯಲ್ಲಿ ಎರಡು ದಿನ ಓಡಿದರೆ ಸೂರು ಬೂದು ಅಲ್ಲ, ಮಣ್ಣು ಬಣ್ಣ. ಮಣ್ಣಾದ ಬಿಳಿ ಅರ್ಧ ಬಿಳಿ ಅಷ್ಟೇ. ವಾರಕ್ಕೊಮ್ಮೆ ಏಣಿ ಹಾಕಿ, ಒಂದು ಬಕೆಟ್ ನೀರು, ಹಳೆ ಬನಿಯನ್ನು. ಪಕ್ಕ ತೊಳೆಯದಿದ್ದರೂ ಸೂರು ತೊಳೆಯುತ್ತೇನೆ. ನೋಡುವವರಿಗೆ ಇದು ಉಲ್ಟಾ ಅನ್ನಿಸುತ್ತದೆ. ಗಾಡಿಯ ಪಕ್ಕ ಎಲ್ಲರೂ ನೋಡುತ್ತಾರೆ, ನೆತ್ತಿ ನೋಡುವವನು ಸೂರ್ಯ ಒಬ್ಬನೇ. ಬಣ್ಣ ಆರಿಸುವಾಗ ನಾನು ಅವನನ್ನು ಬಿಟ್ಟು ಬೇರೆ ಎಲ್ಲರನ್ನೂ ಕೇಳಿದ್ದೆ.

ಈ ವರ್ಷ ಯುಗಾದಿಗೆ ಊರಿಗೆ ಹೋದಾಗ ಅಪ್ಪ ಆರ್‌ಸಿಸಿ ಕೋಣೆಯ ಮೇಲೆ ಸುಣ್ಣ ಹೊಡೆಯುತ್ತಿದ್ದರು. ಗಾಡಿ ಕೋಣೆಯ ಗೋಡೆಗೆ ತಾಗಿಸಿಯೇ ನಿಲ್ಲಿಸಿದ್ದೆ. ಮೇಲಿನಿಂದ ಅವರಿಗೆ ಗಾಡಿಯ ಬೆನ್ನು ಪೂರ್ತಿ ಕಾಣುತ್ತಿತ್ತು. ಕುಂಚ ಹಿಡಿದುಕೊಂಡೇ ಬಗ್ಗಿ ನೋಡಿದರು.

"ತಮ್ಮಾ, ನಿನ್ನ ಪೇಂಟರ್ ಫ್ಯಾನಿನ ಹಿಂದ ಒಂದ ಮೂಲಿ ಬಿಟ್ಟಾನ ನೋಡ."

ಹತ್ತಿ ನೋಡಿದೆ. ಫ್ಯಾನಿಗೂ ಪ್ಯಾನೆಲ್ಲಿಗೂ ನಡುವೆ ಅಂಗೈಯಷ್ಟು ಬೂದು ಹಾಗೇ ಉಳಿದಿತ್ತು. ಒಂದು ವರ್ಷದಿಂದ ಪ್ರತಿ ವಾರ ತೊಳೆಯುವ ನನಗೆ ಕಂಡಿರಲಿಲ್ಲ. ಬೆಂಗಳೂರಿಗೆ ಹೋದ ಮೇಲೆ ಮಾಡಿಸ್ತೀನಿ, ಸುಣ್ಣ ಮಾತ್ರ ಬೇಡ ಅಪ್ಪ, ಅಂತ ಹೇಳುವಷ್ಟರಲ್ಲಿ ಅವರು ಕುಂಚವನ್ನು ಬಿದಿರು ಗಳಕ್ಕೆ ಕಟ್ಟಿ, ಗೋಡೆ ಅಂಚಿಗೆ ಕೂತು, ಆ ಮೂಲೆಗೆ ಒಂದು ಕೈ ಹೊಡೆದಾಗಿತ್ತು. ಎರಡನೆಯದಕ್ಕೆ ಡ್ರಮ್ಮಿನಲ್ಲಿ ಅದ್ದುತ್ತಿದ್ದರು.